ಕ್ರೈಸ್ತಶ್ರದ್ಧೆಯಿಂದ ಕನ್ನಡಕ್ಕೆ ಒದಗಿದ ಸ್ಥಿರನಿಧಿ

೧

ಭೀಮಾನದಿಯ ತಡಿಯಲ್ಲಿ ಇಂಡಿ ಸಿಂದಗಿಗಳು, ಕೃಷ್ಣೆಯ ಕಡೆಗೆ ಮುದ್ದೇಬಿಹಾಳ, ಇವುಗಳ ನಡುವೆ ಬಸವನ ಬಾಗೇವಾಡಿ - ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ನೆಲವು ಕನ್ನಡ ವಾಙ್ಮಯದ ಅಭ್ಯಾಸಿಗಳಿಗೆ ಪರಿಚಿತವಾದುದೇ ಆಗಿದೆ. ಶ್ರದ್ಧಾವಂತನು ತನ್ನ ಕಾಲವು ಮುಗಿದ ಮೇಲೆಯೂ ಉಳಿಯತಕ್ಕ ವಸ್ತುವನ್ನು ಬಿಟ್ಟುಹೋಗುವ ಬಗೆ ಎಂತಹದೆಂಬ ವಿಚಾರಕ್ಕೆ ಈ ನೆಲದಲ್ಲಿಯೇ ಪ್ರಾಚೀನ ನಿದರ್ಶನವುಂಟು. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನವು ಶಕ ೮೬೭ರಲ್ಲಿ, ಎಂದರೆ ಕ್ರಿ. ಶ. ೯೪೫ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯನ್ನು ಕಟ್ಟಿಸಿದುದನ್ನು ಹೇಳುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ೨೭ ಮನೆಗಳು, ದೀಪದ ಎಣ್ಣೆಗೆ ೧೨ ನಿವರ್ತನ ಭೂಮಿ, ಅಧ್ಯಾಪಕನ ಜೀವನಕ್ಕೆ ೫೦ ನಿವರ್ತನ ಭೂಮಿ - ಹೀಗೆ ದತ್ತಿಯ ವಿವರವಿದೆ. ಪಾವಿಟ್ಟಗೆಯೆಂಬ ಊರು ಆ ಶಾಲೆಯ ದೆಸೆಯಿಂದಲೇ ಸಾಲೋಟಗಿಯೆನಿಸಿತು. ಶಾಲೆಯು ಹೋಯಿತು; ದತ್ತಿಯ ಭೂಮಿಯೂ ಹೋಯಿತು; ಊರಿನ ಹೆಸರು ಮಾತ್ರ ಆ ದಾನವನ್ನು ಇಂದಿಗೂ ನುಡಿಯುತ್ತಿದೆ.

ಈ ನೆಲಕ್ಕೆ ಸಂಬಂಧಿಸಿದ ಇನ್ನೊಂದು ದತ್ತಿಯನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿದೆ. ಅದನ್ನಿತ್ತವರು ಈ ದೇಶದವರಲ್ಲ. ಅವರ ಮತವು ಬಾಗೇವಾಡಿಯ ಮತವಲ್ಲ. ಅವರು ಕೊಡಬೇಕೆಂದು ಬಂದುದೂ ನಮಗೆ ದೊರೆತುದೂ ಒಂದೇ ಅಲ್ಲ. ಹೀಗಿದ್ದರೂ ಆ ದತ್ತಿಯನ್ನು ಕಳೆದು ಕನ್ನಡದ ಲೆಕ್ಕವನ್ನು ಬರೆಯುವುದು ಶಕ್ಯವಿಲ್ಲ. ಬಾಸೆಲ್ ಮಿಷನ್ನಿನವರು ಕನ್ನಡದ ಗ್ರಂಥಗಳಿಗೂ ಶಬ್ದಗಳಿಗೂ ಮಾಡಿದ ಸೇವೆಯೇ ಆ ದತ್ತಿ.

೨

ಬಸವಣ್ಣನವರ ಜನ್ಮಕ್ಕೆ ಸಂಬಂಧಿಸಿದ ಬಾಗೇವಾಡಿ, ಇಂಗಳೇಶ್ವರಗಳೂ ನೀಲಾಂಬಿಕೆಯ ಹೆಸರಿನೊಡನೆ ಸೇರಿದ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯೂ ಈ ಸೀಮೆಯೊಳಗೇ ಇವೆ. ಆ ಮಹಾಪುರುಷನ ಚರಿತವನ್ನು ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನನುಸರಿಸಿ ಭೀಮಕವಿಯು ಕ್ರಿ. ಶ. ೧೩೬೯ರಲ್ಲಿ ಕನ್ನಡದಲ್ಲಿ ರಚಿಸಿದನು. ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವು ೧೫೮೪ರದು. ಇವೆರಡೂ ಶತಮಾನಗಳ ಪರ್ಯಂತ ಓಲೆಗರಿಯಲ್ಲಿಯೂ ಕಾಗದದ ಪ್ರತಿಗಳಲ್ಲಿಯೂ ಉಳಿದುಬಂದುವು. ಮಠಗಳಲ್ಲಿ ಓದುವವರು ಓದಿದರು, ಕೇಳುವವರು ಕೇಳಿದರು. ಓಲೆಯ ಆಯುಷ್ಯವು ಪರಿಮಿತವಾದುದು. ಪ್ರತಿ ಮಾಡುವವನು ದೊರೆಯದಿದ್ದರೆ ಗ್ರಂಥಕ್ಕೆ ಮುಂದಿನ ಜನ್ಮವಿಲ್ಲ. ಈ ಎರಡು ಪುರಾಣಗಳನ್ನು ಅಚ್ಚಿಗೆ ತಂದವರು ಮಂಗಳೂರಿನ ಕ್ರೈಸ್ತ ಪಾದ್ರಿಗಳೆಂಬುದು ವಿಚಾರಾರ್ಹವಾದ ಸಂಗತಿ.

ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾಯಿತು. ೧೮೩೩ರ ಸನ್ನದಿನಿಂದ ಇಂಗ್ಲಿಷರಲ್ಲದ ಪಾದ್ರಿಗಳಿಗೂ ಹಿಂದೂಸ್ಥಾನದ ಬಾಗಿಲು ತೆರೆಯಲಾಗಿ, ೧೮೩೪ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ಬಳಿಕ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡ - ಹೀಗೆ ಅವರ ಠಾಣೆಗಳು ಉತ್ತರಕ್ಕೆ ಬೆಳೆದುವು. ಜಿಲ್ಲೆಯ ಮುಖ್ಯ ಕಚೇರಿಯು ಕಲಾದಗಿಯಿಂದ ವಿಜಯಪುರಕ್ಕೆ ಬಂದ ೧೮೮೫ರಲ್ಲಿಯೇ ಅವರ ಠಾಣೆಯೂ ಅಲ್ಲಿ ಆರಂಭವಾಯಿತು. ವಿಶೇಷವೇನೆಂದರೆ, ಅವರು ಈ ಜಿಲ್ಲೆಯ ಮುಖ್ಯಸ್ಥಳದಲ್ಲಿ ನೆಲಸುವುದಕ್ಕೆ ಮೂವತ್ತೈದು ವರ್ಷಗಳ ಮುಂಚೆಯೇ ಬಾಗೇವಾಡಿಯ ಬಸವನ ಪುರಾಣವು ಅವರ ಕೈಯಿಂದ ಮುದ್ರಿತವಾಗಿತ್ತು.

೩

ಈ ಕಾರ್ಯಕ್ಕೆ ಕಾರಣವನ್ನು ಅವರ ಶ್ರದ್ಧೆಯಲ್ಲಿಯೇ ಹುಡುಕಬೇಕು. ಪ್ರತಿಯೊಬ್ಬನೂ ಧರ್ಮಗ್ರಂಥವನ್ನು ತನ್ನ ತಾಯ್ನುಡಿಯಲ್ಲಿಯೇ ಓದಿ ತಿಳಿಯಬೇಕೆಂಬುದು ಪ್ರಾಟೆಸ್ಟಂಟ್ ಮತದವರ ಮೂಲ ನಿಯಮ. ಆದಕಾರಣ ಅವರು ಕಾಲಿಟ್ಟ ನಾಡಿನ ಭಾಷೆಯನ್ನು ಕಲಿಯುವುದು ಅವರಿಗೆ ಸೌಕರ್ಯದ ಮಾತಾಗಿರದೆ ಧರ್ಮದ ಕಟ್ಟಳೆಯೇ ಆಗಿತ್ತು. ಇವರಿಗೆ ಮುಂಚೆ ಶ್ರೀರಾಂಪುರದ ಕೇರಿಯವರು ೧೮೧೭ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ್ದರು. ಬಳ್ಳಾರಿಯ ಲಂಡನ್ ಮಿಷನ್ನಿನ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ೧೮೩೧ರಲ್ಲಿ ಸಮಗ್ರ ಬೈಬಲಿನ ಕನ್ನಡ ಭಾಷಾಂತರವು ಸಿದ್ಧವಾಗಿತ್ತು. ಅದೇ ಸಂಸ್ಥೆಯ ರೀವರು ೧೮೨೪ರಲ್ಲಿಯೂ ೧೮೩೨ರಲ್ಲಿಯೂ ಎರಡು ನಿಘಂಟುಗಳನ್ನು ಹೊರತಂದಿದ್ದರು. ಇವೆಲ್ಲವೂ ಉಪದೇಶಕ್ಕೆ ಬೇಕಾದ ಸಾಧನಗಳು. ತಮ್ಮ ಮಾತನ್ನು ಕನ್ನಡಿಗರಿಗೆ ಮುಟ್ಟಿಸುವುದೇ ಇವುಗಳ ಪ್ರಯೋಜನ.

ಬಾಸೆಲಿನವರಲ್ಲಿ ಹೆರ್ಮನ್ ಮೋಗ್ಲಿಂಗರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ೧೮೧೧ರಲ್ಲಿ ವ್ಯೂರ್ಟೆಂಬರ್ಗಿನಲ್ಲಿ ಹುಟ್ಟಿ ೧೮೩೬ರಲ್ಲಿ ಇಲ್ಲಿಗೆ ಬಂದ ಇವರು ೧೮೪೩ರ ಜುಲೈ ೧ರಂದು ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡ ವೃತ್ತಪತ್ರಿಕೆಗಳಿಗೆ ಆದಿಪುರುಷರಾದರು. ಕನ್ನಡಿಗರಿಗೆ ಹೇಳಬೇಕಾದರೆ ಕನ್ನಡಿಗರು ಏನನ್ನು ಕೇಳುತ್ತ ಬಂದಿದ್ದಾರೆಂಬುದನ್ನು ಮೊದಲು ತಿಳಿಯಬೇಕೆಂಬುದು ಅವರ ಮತವಾಗಿತ್ತು. ಮದ್ರಾಸು ಅಧಿಪತ್ಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕಾಸಾಮೇಜರ್ ಎಂಬವರು ದ್ರವ್ಯಸಹಾಯವನ್ನಿತ್ತರು. ಅದರ ಬಲದಿಂದ ೧೮೪೮ರಲ್ಲಿ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆಯು ಕಲ್ಲಚ್ಚಿನಲ್ಲಿ ಹೊರಡತೊಡಗಿತು. ಜೈಮಿನಿ ಭಾರತ, ತೊರವೆ ರಾಮಾಯಣ, ಕುಮಾರವ್ಯಾಸ ಭಾರತ, ಹರಿದಾಸರ ಪದಗಳು, ೧೮೫೦ರಲ್ಲಿ ಬಸವಪುರಾಣ, ೧೮೫೧ರಲ್ಲಿ ಚೆನ್ನಬಸವಪುರಾಣ - ಇವು ಆ ಮಾಲೆಯಲ್ಲಿ ಬಂದುವು. ಮತಭೇದವನ್ನು ಎಣಿಸದೆ ವೈಷ್ಣವ ವೀರಶೈವ ಗ್ರಂಥಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಮುದ್ರಿತ ಮಾಲೆಯು ಕನ್ನಡದಲ್ಲಿ ಇದಕ್ಕಿಂತ ಮುಂಚೆ ಇರಲಿಲ್ಲವೆಂದೇ ಹೇಳಬೇಕು. ತರುವಾಯ ವೂರ್ತರು ಈ ಎರಡು ಪುರಾಣಗಳನ್ನು ಇಂಗ್ಲಿಷಿಗೆ ಪರಿವರ್ತಿಸಲು, ಅವು ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ೧೮೬೪-೬೬ರ ಸುಮಾರಿಗೆ ಬೆಳಕು ಕಂಡುವು. ಪಾಶ್ಚಾತ್ಯ ವಿದ್ವಾಂಸರಿಗೆ ಬಸವಣ್ಣನವರ ಚರಿತವು ತಿಳಿದುಬಂದ ಮುಖ್ಯ ದ್ವಾರಗಳಲ್ಲಿ ಇದೊಂದು. ಅದೇ ವೂರ್ತರ ಪ್ರಾಕ್ಕಾವ್ಯಮಾಲಿಕೆಯು ೧೮೬೮ರಲ್ಲಿ ಪ್ರಕಟವಾಯಿತು.

೪

ಈ ಪರಂಪರೆಯ ಕಳಸವೆಂದರೆ ಫರ್ಡಿನೆಂಡ್ ಕಿಟ್ಟೆಲರು. ೧೮೩೨ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದ ಇವರು ೧೮೫೩ರಲ್ಲಿ ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದರು. ಕ್ರಿಸ್ತನ ಚರಿತವನ್ನು ಕನ್ನಡದ ಛಂದಸ್ಸಿನಲ್ಲಿಯೇ ಹೇಳಬೇಕೆಂದು ೧೮೬೨ರಲ್ಲಿ ಕಥಾಮಾಲೆಯನ್ನು ರಚಿಸಿದರು. ಛಂದಸ್ಸನ್ನು ಬಳಸಲು ಹೋದವರಿಗೆ ಛಂದಶ್ಶಾಸ್ತ್ರವು ಬೇಕಾಯಿತು. ಶಾಸ್ತ್ರವನ್ನು ತಿಳಿಯಲು ಹೋದವರಿಗೆ ಶುದ್ಧ ಪಾಠವು ಬೇಕಾಯಿತು. ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು ೧೮೭೫ರಲ್ಲಿಯೂ ಅವರು ಸಂಪಾದಿಸಿದರು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಿತ್ತು. ಮುಖ್ಯಭಾಗವೇ ೧೭೫೨ ಪುಟಗಳು. ಶಬ್ದಗಳು ಸುಮಾರು ೭೦ ಸಾವಿರ. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ೧೮೯೬ರಲ್ಲಿ ಇವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಕನ್ನಡ ವ್ಯಾಕರಣವು ೧೯೦೩ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ದಿವಂಗತರಾದರು.

ನಿಘಂಟಿನ ಮಹತ್ತ್ವವು ಗಾತ್ರದಿಂದ ಬಂದುದಲ್ಲ; ಅದರ ಪದ್ಧತಿಯಿಂದ ಬಂದುದು. ಶಬ್ದವೊಂದನ್ನು ಎತ್ತಿಕೊಂಡರೆ ಅದು ದೇಶ್ಯವೋ ತತ್ಸಮವೋ ತದ್ಭವವೋ ಎಂಬ ನಿರ್ಣಯ, ತಮಿಳು ತೆಲುಗು ಮಲೆಯಾಳ ತುಳು ಮುಂತಾದ ಸೋದರ ಭಾಷೆಗಳಲ್ಲಿ ಅದಕ್ಕಿರುವ ರೂಪ, ಗ್ರಂಥಗಳಿಂದ ಪ್ರಯೋಗಾಧಾರ, ಗ್ರಂಥದಲ್ಲಿ ದೊರೆಯದಿದ್ದರೆ ಗಾದೆಗಳಿಂದಲೂ ಜನರ ಮಾತಿನಿಂದಲೂ ಆಧಾರ. ಆ ಮಾತು ಮೈಸೂರು ಸೀಮೆಯದೋ ದಕ್ಷಿಣ ಮರಾಠಾ ಸೀಮೆಯದೋ ಎಂಬುದನ್ನು ಸಂಕೇತಾಕ್ಷರಗಳಿಂದ ಸೂಚಿಸಿದ್ದಾರೆ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳನ್ನು ಆಗ್ಗೆ ದಕ್ಷಿಣ ಮರಾಠಾ ಸೀಮೆಯೆಂದು ಕರೆಯುತ್ತಿದ್ದರು. ಇಂಡಿ ಸಿಂದಗಿಗಳ ಕಡೆಯ ನುಡಿಯು ಒರಟೆಂದು ಉಪಾಧ್ಯಾಯರೇ ತಿದ್ದುತ್ತಿದ್ದ ಕಾಲದಲ್ಲಿ, ಉತ್ತರದ ಮಾತಿಗೂ ಕೋಶದಲ್ಲಿ ಸ್ಥಾನವುಂಟೆಂದು ಈ ಸಂಕೇತವು ಸಾರಿತು. ಸಂಸ್ಕೃತಾಭ್ಯಾಸಿಗಳು ಗಮನಿಸತಕ್ಕ ಅಂಶವೊಂದುಂಟು: ಸಂಸ್ಕೃತವು ದ್ರಾವಿಡದಿಂದ ಸ್ವೀಕರಿಸಿರಬಹುದಾದ ಶಬ್ದಗಳ ದೀರ್ಘವಾದ ಪಟ್ಟಿಯನ್ನು ಕಿಟ್ಟೆಲರು ಪೀಠಿಕೆಯಲ್ಲಿ ಕೊಟ್ಟಿದ್ದಾರೆ. ಅದರಲ್ಲಿ ಎಲ್ಲವೂ ಇಂದು ಸರ್ವಸಮ್ಮತವಲ್ಲದಿರಬಹುದು. ಆದರೆ ಕೊಡುಕೊಳುವಿಕೆಯು ಎರಡು ಕಡೆಯಿಂದಲೂ ನಡೆದಿರಬೇಕೆಂಬ ಪ್ರಶ್ನೆಯನ್ನು ಕನ್ನಡದ ಅಭ್ಯಾಸಿಗಳ ಮುಂದೆ ಸಾಧಾರವಾಗಿ ಇಟ್ಟುದು ಈ ಪೀಠಿಕೆಯೇ.

೫

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. 'ಈ ಪಾದ್ರಿಗಳ ಉದ್ದೇಶವು ಕನ್ನಡದ ಉದ್ಧಾರವಲ್ಲ, ಮತಾಂತರ. ಬಸವಪುರಾಣವನ್ನು ಮುದ್ರಿಸಿದುದೂ ಅದನ್ನು ತಿಳಿದು ಖಂಡಿಸುವುದಕ್ಕಾಗಿಯೇ. ಪರಮತಖಂಡನಕ್ಕೆಂದು ಮಾಡಿದ ಸಾಧನವನ್ನು ದತ್ತಿಯೆನ್ನುವುದು ಹೇಗೆ?' ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಅವರು ಉಪದೇಶಕರಾಗಿಯೇ ಬಂದರು; ಅದನ್ನು ಮುಚ್ಚಿಟ್ಟವರೂ ಅಲ್ಲ. ನಮ್ಮ ದೇವತೆಗಳನ್ನೂ ಆಚಾರಗಳನ್ನೂ ಕುರಿತು ಮಿಷನ್ನಿನ ಲೇಖನಗಳಲ್ಲಿ ಬಂದ ಕಟುವಾದ ಮಾತುಗಳೂ ಉಂಟು.

ಉತ್ತರವನ್ನು ಹೇಳುವಲ್ಲಿ ನಮ್ಮ ಶಾಸ್ತ್ರಕಾರರ ಆಮ್ರಸೇಚನ-ಪಿತೃತರ್ಪಣ ನ್ಯಾಯವು ಉಪಯುಕ್ತವಾಗಿದೆ. ಮಾವಿನ ಗಿಡದ ಬುಡದಲ್ಲಿ ನಿಂತು ತರ್ಪಣವನ್ನು ಬಿಟ್ಟರೆ ಪಿತೃಗಳಿಗೂ ತೃಪ್ತಿ, ಗಿಡಕ್ಕೂ ನೀರು. ಒಂದೇ ಕರ್ಮಕ್ಕೆ ಎರಡು ಫಲ. ಮಿಷನ್ನಿನವರು ನೀರೆರೆದುದು ತಮ್ಮ ದೇವರ ಪ್ರೀತ್ಯರ್ಥವಾಗಿ. ಬುಡದಲ್ಲಿದ್ದುದು ಕನ್ನಡದ ಗಿಡ. ತರ್ಪಣವು ಸಂದಿತೋ ಇಲ್ಲವೋ ಎಂಬುದನ್ನು ನಿರ್ಣಯಿಸತಕ್ಕವರು ಅವರ ಮತದವರು. ಗಿಡವು ಬೆಳೆದುದನ್ನು ಮಾತ್ರ ಎಲ್ಲರೂ ಕಾಣಬಹುದು. ಆದರೆ ನ್ಯಾಯದ ಅನ್ವಯವನ್ನು ಇಲ್ಲಿಗೇ ನಿಲ್ಲಿಸಿದರೆ ಅಪೂರ್ಣವಾದೀತು. ಗಿಡಕ್ಕೆ ನೀರು ಬಿದ್ದುದು ಕೇವಲ ಆಕಸ್ಮಿಕವಲ್ಲ. ಖಂಡನಕ್ಕೆ ಸಾರಾಂಶವು ಸಾಕು; ಶುದ್ಧಪಾಠವು ಬೇಕಾಗಿಲ್ಲ. ಉಪದೇಶಕ್ಕೆ ಕೆಲವು ಸಾವಿರ ಶಬ್ದಗಳು ಸಾಕು. ೭೦ ಸಾವಿರ ಬೇಕಾಗಿಲ್ಲ. ಬೇಕಾದುದಕ್ಕಿಂತ ಅಧಿಕವಾಗಿ ಮಾಡಿದ ಭಾಗದಲ್ಲಿಯೇ ಕರ್ತೃವಿನ ಪ್ರೀತಿಯು ತೋರುತ್ತದೆ. ಆ ಅಧಿಕ ಭಾಗವೇ ನಮ್ಮ ಪಾಲಿಗೆ ನಿಧಿಯಾಗಿ ಉಳಿದುದು. ಕೈಕೊಂಡ ಕೆಲಸವನ್ನು ಅರೆಯಾಗಿ ಬಿಡಬಾರದೆಂಬ ಅವರ ಧರ್ಮಬುದ್ಧಿಯನ್ನು ಬಿಟ್ಟು ಇದಕ್ಕೆ ಬೇರೆ ಕಾರಣವು ಕಾಣಬರುವುದಿಲ್ಲ. ಹಾಗಾದ್ದರಿಂದ ಇದನ್ನು ಶ್ರದ್ಧೆಯ ಫಲವೆನ್ನುವುದೇ ಯುಕ್ತ.

ಇನ್ನೊಂದು ಮಾತನ್ನೂ ಹೇಳಬೇಕು. ಈ ನಿಧಿಗೆ ಅವರೊಬ್ಬರೇ ಒಡೆಯರಲ್ಲ. ಓಲೆಗಳನ್ನು ಕೊಟ್ಟವರು, ಓದಿ ಅರ್ಥ ಹೇಳಿದವರು, ಗಾದೆಯನ್ನು ನುಡಿದವರು ಈ ನಾಡಿನ ಪಂಡಿತರು ಮತ್ತು ಜನಸಾಮಾನ್ಯರು. ಕಿಟ್ಟೆಲರು ತಮಗೆ ನೆರವಾದ ದೇಶೀಯ ವಿದ್ವಾಂಸರನ್ನು ಸ್ಮರಿಸದೆ ಬಿಟ್ಟಿಲ್ಲ; ಆದರೂ ಮುಖಪುಟದಲ್ಲಿರುವುದು ಒಂದೇ ಹೆಸರು. ಸಾಲೋಟಗಿಯ ಕಂಬದಲ್ಲಿ ಮಂತ್ರಿಯ ಹೆಸರಿದೆ, ಕಲ್ಲು ಹೊತ್ತವರ ಹೆಸರಿಲ್ಲ. ಎಲ್ಲ ದತ್ತಿಗಳ ಶಾಸನಗಳಲ್ಲಿಯೂ ಈ ಕೊರತೆಯುಂಟು.

೬

ನಿಧಿಯು ಸ್ಥಿರವೆನಿಸುವುದು ಕೊಟ್ಟವನ ಮತವನ್ನು ಒಪ್ಪದವನಿಗೂ ಅದು ಉಪಯೋಗಕ್ಕೆ ಬಂದಾಗ ಮತ್ತು ತಿದ್ದುಪಡಿಯನ್ನು ತಾಳಿಕೊಂಡಾಗ. ಕಿಟ್ಟೆಲರ ಕೋಶವು ಎರಡು ಪರೀಕ್ಷೆಗಳಲ್ಲಿಯೂ ಗೆದ್ದಿದೆ. ಕವಿರಾಜಮಾರ್ಗವೂ ಪಂಪಭಾರತವೂ ಮುದ್ರಿತವಾದುದು ೧೮೯೮ರಲ್ಲಿ. ಎಂದರೆ ಕೋಶವು ಹೊರಟ ನಾಲ್ಕು ವರ್ಷಗಳ ಮೇಲೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು ೧೯೨೩ರಲ್ಲಿಯೂ ಶಿವಾನುಭವ ಪತ್ರಿಕೆಯು ೧೯೨೬ರಲ್ಲಿಯೂ ಬಂದುವು. ಹಲಸಂಗಿಯ ಗೆಳೆಯರ 'ಗರತಿಯ ಹಾಡು' ೧೯೩೧ರದು. ಹಲಸಂಗಿಯು ಆಗ ಇಂಡಿ ತಾಲ್ಲೂಕಿಗೆ ಸೇರಿತ್ತು. ಹೀಗೆ ಈ ಸೀಮೆಯ ವಚನಗಳ ಶಬ್ದಗಳೂ ಬೀಸುವಕಲ್ಲಿನ ಹಾಡುಗಳ ಶಬ್ದಗಳೂ ಕಿಟ್ಟೆಲರ ಕೈಗೆ ಸಮಗ್ರವಾಗಿ ಸಿಕ್ಕುವಂತಿರಲಿಲ್ಲ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕೋಶವನ್ನು ಮದ್ರಾಸು ವಿಶ್ವವಿದ್ಯಾನಿಲಯವು ೧೯೬೮-೭೧ರಲ್ಲಿ ನಾಲ್ಕು ಸಂಪುಟಗಳಾಗಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೯೫ರಲ್ಲಿ ಪೂರ್ಣವಾಯಿತು. ಹೊಸ ಕೋಶವು ಬಂದರೂ ಹಳೆಯದು ಅನುಪಯುಕ್ತವಾಗಲಿಲ್ಲ.

ಈ ಶ್ರದ್ಧೆಯು ಕನ್ನಡಿಗರಲ್ಲಿಯೇ ಫಲಿಸಿದ ನಿದರ್ಶನವು ರೆವರೆಂಡ್ ಚನ್ನಪ್ಪ ಉತ್ತಂಗಿಯವರು (೧೮೮೧-೧೯೬೨). ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿದ್ದುಕೊಂಡೇ ಅವರು ಊರೂರು ತಿರುಗಿ ಸಂಗ್ರಹಿಸಿದ ಸರ್ವಜ್ಞನ ವಚನಗಳನ್ನು ೧೯೨೪ರಲ್ಲಿ ಪ್ರಕಟಿಸಿದರು. ಅನುಭವ ಮಂಟಪವೆಂಬುದು ಇತ್ತೇ ಎಂದು ಶಂಕಿಸಿದವರಿಗೆ ಉತ್ತರವಾಗಿ, ಬಾಗೇವಾಡಿಯ ಬಸವಣ್ಣನವರ ಪರವಾಗಿ ಪ್ರಮಾಣಗಳನ್ನು ಕೂಡಿಸಿ ೧೯೫೧ರಲ್ಲಿ ಗ್ರಂಥವನ್ನು ಬರೆದವರು ಈ ಕ್ರೈಸ್ತ ವಿದ್ವಾಂಸರೇ. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಮೋಗ್ಲಿಂಗರು ಬಸವಪುರಾಣವನ್ನು ತಿಳಿಯಬೇಕೆಂದು ಮುದ್ರಿಸಿದರು. ನೂರು ವರ್ಷಗಳ ತರುವಾಯ ಅದೇ ಮಿಷನ್ನಿನ ಉತ್ತಂಗಿಯವರು ಶರಣರನ್ನು ತಮ್ಮವರೆಂದು ವಾದಿಸಿದರು. ತಮ್ಮ ಮತವನ್ನು ಬಿಡದೆಯೇ ಹೀಗೆ ವಾದಿಸಿದುದು ಇಲ್ಲಿಯ ವಿಶೇಷ.

ಸಾಹಿತ್ಯವನ್ನು ಬೋಧಿಸುವವರಲ್ಲಿ ಒಂದು ವಿಜ್ಞಾಪನೆಯುಂಟು. ಕಿಟ್ಟೆಲ್ ಎಂಬುದನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯುವ ಹೆಸರಾಗಿ ಮಾತ್ರ ಕಲಿಸದೆ, ಕೋಶವನ್ನೇ ತರಗತಿಗೆ ತಂದು ತಮ್ಮ ಊರಿನ ಮಾತೊಂದನ್ನು ಅದರಲ್ಲಿ ಹುಡುಕಿಸಬೇಕು. ಸಿಂದಗಿಯ ವಿದ್ಯಾರ್ಥಿಗೆ ತನ್ನ ಮನೆಯ ಶಬ್ದವು ಅಲ್ಲಿ ದೊರೆತರೆ ಅದರ ಹಿಂದಿರುವ ಪರಿಶ್ರಮವು ತಾನಾಗಿ ತಿಳಿಯುವುದು. ದೊರೆಯದಿದ್ದರೆ ಅದನ್ನು ಪ್ರಯೋಗಸಹಿತವಾಗಿ ಬರೆದಿಡುವ ಕರ್ತವ್ಯವು ಅವನದಾಗುವುದು. ದತ್ತಿಯನ್ನು ಪಡೆದವರು ಅದನ್ನು ಬೆಳೆಸದೆ ಉಂಡು ತೀರಿಸಿದರೆ ಊರಿನ ಹೆಸರಷ್ಟೇ ಉಳಿಯುವುದೆಂಬುದಕ್ಕೆ ಸಾಲೋಟಗಿಯೇ ಸಾಕ್ಷಿ.