ಸಾಲವೂ ಒಂದು ಸಂಖ್ಯೆ

ಎಂಬತ್ತರಿಂದ ಐವತ್ತನ್ನು ಕಳೆ ಎಂದರೆ ಚಿಕ್ಕ ಹುಡುಗನೂ ಕಳೆಯುತ್ತಾನೆ. ಐವತ್ತರಿಂದ ಎಂಬತ್ತನ್ನು ಕಳೆ ಎಂದರೆ ಕಲಾವಿಭಾಗದ ನಮ್ಮಂಥವರು ಮುಖ ಮುಖ ನೋಡಿಕೊಳ್ಳುತ್ತೇವೆ. ಇಲ್ಲದ್ದನ್ನು ಕಳೆಯುವುದೆಂತು? ಆದರೆ ೫೦ ರೂಪಾಯಿ ಹಿಡಿದು ಹೋಗಿ ೮೦ ರೂಪಾಯಿಯ ದಿನಸಿ ತಂದವರಿಗೆ ಈ ಲೆಕ್ಕ ಹೊಸದಲ್ಲ. ಅಂಗಡಿಯವನ ಪುಸ್ತಕದಲ್ಲಿ ೩೦ ರೂಪಾಯಿ ಬಾಕಿ ನಿಲ್ಲುತ್ತದೆ. ಆ ಬಾಕಿಯೇ −೩೦.

ನಮ್ಮ ಭಾಷೆಯಲ್ಲಿ ಈ ಸಂಖ್ಯೆಯ ಹೆಸರೇ ಅದರ ಅರ್ಥವನ್ನು ಹೇಳುತ್ತದೆ. ಧನವೆಂದರೆ ಸ್ವತ್ತು, ಋಣವೆಂದರೆ ಸಾಲ. ಕ್ರಿ.ಶ. ೬೨೮ರಲ್ಲಿಯೇ ಬ್ರಹ್ಮಗುಪ್ತನು ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ, ಶೂನ್ಯಗಳ ಲೆಕ್ಕಕ್ಕೆ ನಿಯಮಗಳನ್ನು ಕೊಟ್ಟನು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇವನ್ನು ನಿರೂಪಿಸಿದನು. ಯೂರೋಪಿನಲ್ಲಾದರೋ ೧೫೪೪ರಲ್ಲಿಯೂ ಸ್ಟೀಫೆಲ್ ಎಂಬ ಜರ್ಮನ್ ಪಂಡಿತನು ಇವನ್ನು ಅಸಂಬದ್ಧ ಸಂಖ್ಯೆಗಳೆಂದು ಕರೆದನು.

ಈಗ ನಿಯಮಗಳನ್ನು ನೋಡೋಣ. ೩೦ರ ಸಾಲಕ್ಕೆ ೨೦ರ ಸಾಲ ಕೂಡಿದರೆ ೫೦ರ ಸಾಲ: (−೩೦) + (−೨೦) = −೫೦. ೫೦ರ ಸಾಲಗಾರನು ೩೦ರ ಸಾಲಗಾರನಿಗಿಂತ ಬಡವನಾದ್ದರಿಂದ −೫೦ ಎಂಬುದು −೩೦ಕ್ಕಿಂತ ಚಿಕ್ಕದು. ಅಂಗಡಿಯವನು ೩೦ರ ಬಾಕಿಯಲ್ಲಿ ೨೦ನ್ನು ಮನ್ನಾ ಮಾಡಿದನೆನ್ನಿ; ಸಾಲವನ್ನು ಕಳೆದಂತಾಯಿತು: (−೩೦) − (−೨೦) = −೧೦. ೨೦ ರೂಪಾಯಿ ಕೈಗೆ ಕೊಟ್ಟು ತೀರಿಸಿದ್ದರೂ ಇಷ್ಟೇ ಉಳಿಯುತ್ತಿತ್ತು. ಆದುದರಿಂದ ಋಣವನ್ನು ಕಳೆಯುವುದೂ ಧನವನ್ನು ಕೂಡುವುದೂ ಒಂದೇ.

ಗುಣಾಕಾರದಲ್ಲಿ ಮಾತ್ರ ಅನೇಕರು ಎಡವುತ್ತಾರೆ. ಋಣವನ್ನು ಋಣದಿಂದ ಗುಣಿಸಿದರೆ ಧನವಾಗುವುದಾದರೆ ಸಾಲಗಾರರೆಲ್ಲ ಸಾಹುಕಾರರಾಗಬೇಕಿತ್ತಲ್ಲ! ಇಲ್ಲಿ ಗಮನಿಸಬೇಕಾದುದೇನೆಂದರೆ, ಎರಡರಲ್ಲಿ ಒಂದು ಮಾತ್ರ ಸಾಲ. ಇನ್ನೊಂದು, ಅದನ್ನು ಎಷ್ಟು ಸಲ ಬರೆದರು ಅಥವಾ ಹೊಡೆದುಹಾಕಿದರು ಎಂಬುದರ ಎಣಿಕೆ. ೨೦ರ ಸಾಲವನ್ನು ಮೂರು ಸಲ ಬರೆದರೆ ೩ × (−೨೦) = −೬೦. ಬರೆದಿದ್ದ ಮೂರನ್ನೂ ಹೊಡೆದುಹಾಕಿದರೆ ನಮ್ಮ ಸ್ಥಿತಿ ೬೦ರಷ್ಟು ಮೇಲೇರುತ್ತದೆ: (−೩) × (−೨೦) = +೬೦. ಸಂದೇಹವಿದ್ದವರು −೨೦ನ್ನು ೩, ೨, ೧, ೦ ಎಂದು ಇಳಿಯುತ್ತ ಗುಣಿಸಲಿ. −೬೦, −೪೦, −೨೦, ೦ ಎಂದು ಉತ್ತರವು ಪ್ರತಿ ಮೆಟ್ಟಿಲಿಗೂ ೨೦ ಏರುತ್ತದೆ. ಮುಂದಿನ ಮೆಟ್ಟಿಲಾದ −೧ಕ್ಕೆ +೨೦ ಬರಲೇಬೇಕು.

ಇದು ಪರೀಕ್ಷೆಗೆ ಮಾತ್ರ ಬೇಕಾದ ವಿದ್ಯೆಯಲ್ಲ. ೨,೦೦೦ ರೂಪಾಯಿ ಸಾಲವಿದ್ದವನು ೫೦೦ ಕಟ್ಟಿದರೆ ೧,೫೦೦ ಉಳಿಯಬೇಕು. ಕಟ್ಟಿದ ಹಣವನ್ನು ಜಮಾ ಮಾಡುವ ಬದಲು ಸಾಲದ ಕಡೆಗೆ ಬರೆದರೆ ೨,೫೦೦ ಆಗುತ್ತದೆ. ತಪ್ಪು ೫೦೦ರದೆಂದು ತೋರಿದರೂ ನಷ್ಟ ೧,೦೦೦. ಅದರ ಮೇಲೆ ಬಡ್ಡಿ ಬೇರೆ. ಹೆಬ್ಬೆಟ್ಟು ಒತ್ತಿಯೇ ಸಾಲ ಪಡೆದ ಹಿರಿಯರ ಮನೆಗಳಿಂದ ನಮ್ಮಲ್ಲಿ ಅನೇಕರು ಮೊದಲ ಬಾರಿಗೆ ಕಾಲೇಜಿಗೆ ಬಂದಿದ್ದೇವೆ. ರಜೆಯಲ್ಲಿ ಊರಿಗೆ ಹೋದಾಗ ಮನೆಯವರ, ನೆರೆಯವರ ಸಾಲದ ಪುಸ್ತಕವನ್ನು ಒಮ್ಮೆ ತೆರೆದು, ಯಾವ ಅಂಕಿ ಯಾವ ಕಡೆಗಿದೆಯೆಂದು ಓದಿ ಹೇಳೋಣ. ಕಲಿತ ಗಣಿತ ಅಷ್ಟಕ್ಕಾದರೂ ಒದಗಬೇಕೆಂಬುದು ನನ್ನ ಆಸೆ.