ಮಿತ್ರಬಲ ಮತ್ತು ಸಂಯುಕ್ತ ಸಮರಾಭ್ಯಾಸ: ಧಾರವಾಡದ ಮುತ್ತಿಗೆಯಿಂದ ಬೆಳಗಾವಿಯ ಶಿಬಿರದವರೆಗೆ

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ರಾಜನಾದವನಿಗೆ ಒದಗಬಹುದಾದ ಸೈನ್ಯಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ: ಮೌಲಬಲ, ಭೃತಬಲ, ಶ್ರೇಣೀಬಲ, ಮಿತ್ರಬಲ, ಅಮಿತ್ರಬಲ ಮತ್ತು ಅಟವೀಬಲ. ಇವುಗಳಲ್ಲಿ ಮೊದಮೊದಲಿನವು ಮುಂದುಮುಂದಿನವಕ್ಕಿಂತ ಮೇಲು ಎಂಬುದು ಅವನ ಮತ. ವಂಶಪಾರಂಪರ್ಯವಾಗಿ ಬಂದ ಸ್ವಂತ ಸೈನ್ಯಕ್ಕೆ ಅಗ್ರಸ್ಥಾನ. ಮಿತ್ರರಾಜನು ಕಳುಹಿಸಿದ ಸೈನ್ಯಕ್ಕೆ ನಾಲ್ಕನೆಯ ಸ್ಥಾನ. ಮಿತ್ರನ ಬಲ ಬೇಡವೆಂದು ಅವನು ಹೇಳುವುದಿಲ್ಲ; ಯಾವ ಕಾಲದಲ್ಲಿ, ಯಾವ ಕಾರ್ಯಕ್ಕೆ ಅದನ್ನು ಬಳಸಬಹುದೆಂಬುದನ್ನು ಬೇರೆಯಾಗಿಯೇ ವಿವೇಚಿಸುತ್ತಾನೆ. ಶತಮಾನಗಳ ಕಾಲ ಮರೆಯಲ್ಲಿದ್ದ ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು. ಆದಕಾರಣ ಮಿತ್ರಬಲವೆಂಬ ಈ ಹಳೆಯ ಪ್ರಶ್ನೆಯನ್ನು ಕನ್ನಡಿಗರು ಕನ್ನಡನಾಡಿನ ನೆಲದ ಮೇಲೆಯೇ ನಿಂತು ಪರಾಮರ್ಶಿಸುವುದು ಅನುಚಿತವಾಗಲಾರದು.

ಇಂದು ದೇಶದೇಶಗಳ ಸೇನೆಗಳು ಒಂದೆಡೆ ಕಲೆತು ನಡೆಸುವ ಅಭ್ಯಾಸಕ್ಕೆ ಸಂಯುಕ್ತ ಸಮರಾಭ್ಯಾಸವೆಂಬ ಹೆಸರಿದೆ. ಪತ್ರಿಕೆಗಳಲ್ಲಿ ಇದರ ಸುದ್ದಿ ಎರಡು ಸಾಲುಗಳಲ್ಲಿ ಬಂದು ಹೋಗುತ್ತದೆ. ಇಂಥ ದೇಶದ ತುಕಡಿಯೊಂದು ಬಂದಿತು, ಹದಿನಾಲ್ಕು ದಿನ ಇದ್ದಿತು, ಧ್ವಜಗಳನ್ನು ಹಾರಿಸಿ ಬೀಳ್ಕೊಂಡಿತು ಎಂಬಷ್ಟೇ ನಮಗೆ ತಿಳಿಯುತ್ತದೆ. ಇದರ ಪ್ರಯೋಜನವೇನು, ಮಿತಿಯೇನು, ಇದರಿಂದ ಮೈತ್ರಿ ಬೆಳೆಯುತ್ತದೆಯೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು, ಇಂಥ ಅಭ್ಯಾಸ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನೋಡೋಣ. ಇದಕ್ಕೆ ಉದಾಹರಣೆ ಹುಡುಕಲು ಯೂರೋಪಿನ ಇತಿಹಾಸಕ್ಕೆ ಹೋಗಬೇಕಾಗಿಲ್ಲ. 1790ರಲ್ಲಿ ಟೀಪೂ ಸುಲ್ತಾನನ ವಿರುದ್ಧ ಇಂಗ್ಲಿಷ್ ಕಂಪನಿ, ಪೇಶ್ವೆ ಮತ್ತು ನಿಜಾಮ ಒಂದಾದರು. ಆ ವರ್ಷದ ಶರತ್ಕಾಲದಲ್ಲಿ ಪರಶುರಾಮ ಭಾವೂ ಪಟವರ್ಧನನ ಸೈನ್ಯ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿತು. ಅವನೊಡನೆ ಮುಂಬಯಿಯಿಂದ ಬಂದ ಕ್ಯಾಪ್ಟನ್ ಲಿಟಲ್‌ನ ತುಕಡಿ ಇದ್ದಿತು. ಕೋಟೆಯೊಳಗೆ ಬದ್ರುಜ್ಜಮಾನ್ ಖಾನನು ತಿಂಗಳುಗಟ್ಟಲೆ ಎದೆಗೊಟ್ಟು ನಿಂತನು. ಹೊರಗಿದ್ದ ಮಿತ್ರರೋ ಎರಡು ಬೇರೆ ಯುದ್ಧಗಳನ್ನು ಮಾಡುತ್ತಿದ್ದಂತಿತ್ತು. ಒಬ್ಬರ ಫಿರಂಗಿಯ ಕ್ರಮ ಇನ್ನೊಬ್ಬರಿಗೆ ಹಿಡಿಸಲಿಲ್ಲ; ಒಬ್ಬರ ಅವಸರ ಇನ್ನೊಬ್ಬರಿಗೆ ಅರ್ಥವಾಗಲಿಲ್ಲ. ಲಿಟಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿ 1794ರಲ್ಲಿ ಪ್ರಕಟಿಸಿದ ವೃತ್ತಾಂತದಲ್ಲಿ ಈ ಅಸಮಾಧಾನ ಎದ್ದು ಕಾಣುತ್ತದೆ. ಅದು ಒಂದು ಪಕ್ಷದ ಸಾಕ್ಷ್ಯವೆಂಬುದನ್ನು ಮರೆಯಬಾರದು. ಮರಾಠರಿಗೂ ತಮ್ಮ ಮಿತ್ರರ ವಿಷಯದಲ್ಲಿ ಹೇಳುವುದು ಸಾಕಷ್ಟಿದ್ದೀತು. ಕೋಟೆ ವಶವಾದದ್ದು 1791ರ ಏಪ್ರಿಲಿನಲ್ಲಿ.

ಅದರ ಮರುತಿಂಗಳಲ್ಲಿಯೇ ಇದಕ್ಕಿಂತ ದೊಡ್ಡ ಪ್ರಮಾದ ಜರುಗಿತು. ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪ ಅರಕೆರೆಯಲ್ಲಿ ಮೇ 15ರಂದು ಜಯ ಪಡೆದನು. ಆದರೆ ಎತ್ತುಗಳು ಸತ್ತುಹೋಗಿದ್ದವು, ಧಾನ್ಯ ತೀರಿತ್ತು, ಮಳೆ ಹಿಡಿದಿತ್ತು. ಮರಾಠಾ ಸೈನ್ಯ ಎಲ್ಲಿದೆಯೆಂಬ ಸುದ್ದಿಯೇ ಅವನಿಗೆ ಇರಲಿಲ್ಲ. ಟೀಪೂವಿನ ಸವಾರರು ದಾರಿಯಲ್ಲಿಯೇ ದೂತರನ್ನು ತಡೆದಿದ್ದರು. ಕೊನೆಗೆ ಅವನು ತನ್ನ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಬೆಂಗಳೂರಿನ ಕಡೆಗೆ ಹಿಂದಿರುಗಿದನು. ಕೊಡಗಿನ ಮಾರ್ಗವಾಗಿ ಬಂದಿದ್ದ ಅಬರ್‌ಕ್ರಾಂಬಿಗೂ ಹಿಂದಕ್ಕೆ ಹೋಗಲು ಅಪ್ಪಣೆಯಾಯಿತು. ಹೀಗೆ ಹೊರಟ ಸೈನ್ಯಕ್ಕೆ ಮೇಲುಕೋಟೆಯ ಸಮೀಪದಲ್ಲಿ ಎದುರಾದ ಸವಾರರು ಶತ್ರುಗಳಾಗಿರಲಿಲ್ಲ; ಹರಿಪಂತ ಮತ್ತು ಪರಶುರಾಮ ಭಾವೂ ಅವರ ದಂಡಿನವರಾಗಿದ್ದರು! ಕೆಲವೇ ದಿನಗಳ ಮೊದಲು ಈ ಭೇಟಿ ಆಗಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವು. ಮಿತ್ರರಲ್ಲಿ ಶೌರ್ಯಕ್ಕೆ ಕೊರತೆ ಇರಲಿಲ್ಲ. ಸುದ್ದಿ ಮುಟ್ಟಿಸುವ ವ್ಯವಸ್ಥೆಗೆ ಇದ್ದಿತು.

ಇದೇ ದಂಡಯಾತ್ರೆಯ ಇನ್ನೊಂದು ಮುಖವನ್ನೂ ಇಲ್ಲಿ ನೆನೆಯತಕ್ಕದ್ದು. ಪಟವರ್ಧನರ ಸೈನ್ಯದೊಡನೆ ಬಂದ ಸವಾರರು 1791ರಲ್ಲಿ ಶೃಂಗೇರಿಯ ಮಠವನ್ನು ಸುಲಿದರು. ಮಠಕ್ಕೆ ಸಹಾಯ ಕಳುಹಿಸಿದವನು ಶತ್ರುಪಕ್ಷದ ಟೀಪೂ. ಮಿತ್ರಬಲವು ಹಾದುಹೋಗುವ ನಾಡಿನ ಪ್ರಜೆಗಳೊಡನೆ ಹೇಗೆ ನಡೆದುಕೊಳ್ಳಬೇಕೆಂಬ ಕಟ್ಟಳೆ ಇಲ್ಲದಿದ್ದರೆ, ಯುದ್ಧದ ಗೆಲುವು ಯಾರದಾದರೂ ನಷ್ಟ ಆ ಪ್ರಜೆಗಳದೇ. 1792ರ ಒಪ್ಪಂದದಲ್ಲಿ ಮಿತ್ರರು ಮೈಸೂರು ರಾಜ್ಯದ ಅರ್ಧವನ್ನು ಹಂಚಿಕೊಂಡರು. ಕನ್ನಡನಾಡು ಹಲವು ಆಡಳಿತಗಳಿಗೆ ಹರಿದುಹೋದ ಕಥೆಯಲ್ಲಿ ಆ ಹಂಚಿಕೆಯೂ ಒಂದು ಅಧ್ಯಾಯ.

ಈ ಹಿನ್ನೆಲೆಯಲ್ಲಿ ಸಂಯುಕ್ತ ಅಭ್ಯಾಸದ ಸ್ವರೂಪ ಸ್ಪಷ್ಟವಾಗುತ್ತದೆ. ಜೊತೆಯಾಗಿ ಕಾದಬೇಕಾದವರ ನಡುವೆ ಇರುವ ವ್ಯತ್ಯಾಸಗಳನ್ನು ಯುದ್ಧ ಬರುವ ಮೊದಲೇ ಕಂಡುಕೊಳ್ಳುವುದು ಅದರ ಗುರಿ. ಮೊದಲನೆಯ ವ್ಯತ್ಯಾಸ ಭಾಷೆಯದು. ದುಭಾಷಿಯ ಮೂಲಕ ಹೋದ ಆಜ್ಞೆ ಒಂದು ಕ್ಷಣ ತಡವಾಗುತ್ತದೆ. ಕತ್ತಲೆಯಲ್ಲಿ ಆ ಕ್ಷಣಕ್ಕೆ ಪ್ರಾಣದ ಬೆಲೆ ಇದೆ. ಆದಕಾರಣ ಕೈಸನ್ನೆಗಳನ್ನೂ ಸಂಕೇತಪದಗಳನ್ನೂ ಒಂದಾಗಿಸಿಕೊಳ್ಳುತ್ತಾರೆ. ಎರಡನೆಯದು ಉಪಕರಣಗಳದು: ನಕಾಶೆಯ ಚೌಕಗಳು, ರೇಡಿಯೋದ ತರಂಗಗಳು, ಬಂದೂಕಿನ ಗುಂಡಿನ ಅಳತೆ, ಹಡಗಿಗೆ ಎಣ್ಣೆ ತುಂಬುವ ನಳಿಗೆ, ಇವೆಲ್ಲ ದೇಶದಿಂದ ದೇಶಕ್ಕೆ ಬೇರೆ. ಮೂರನೆಯದು ನಿಯಮಗಳದು: ಯಾವಾಗ ಗುಂಡು ಹಾರಿಸಬಹುದು, ಯಾರ ಅಪ್ಪಣೆ ಬೇಕು, ನಾಗರಿಕನೊಬ್ಬನು ಅಡ್ಡ ಬಂದರೆ ಏನು ಮಾಡಬೇಕು ಎಂಬುದರಲ್ಲಿ ಒಂದೊಂದು ದೇಶದ ಕಾನೂನೂ ಒಂದೊಂದು ತೆರ. ನಾಲ್ಕನೆಯದು ಅಧಿಕಾರದ್ದು: ಇಬ್ಬರು ಸೇನಾಧಿಪತಿಗಳಿರುವಲ್ಲಿ ಕೊನೆಯ ಮಾತು ಯಾರದು?

ಅಭ್ಯಾಸವು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಪರಿಚಯ: ಒಬ್ಬರು ಇನ್ನೊಬ್ಬರ ಆಯುಧಗಳನ್ನು ನೋಡಿ ತಿಳಿಯುವುದು, ಪದ್ಧತಿಗಳನ್ನು ಕುರಿತ ಉಪನ್ಯಾಸ. ಆಮೇಲೆ ಮೇಜಿನ ಮೇಲಿನ ಯುದ್ಧ: ನಕಾಶೆ ಹರಡಿ, ಕಲ್ಪಿತ ಸನ್ನಿವೇಶವೊಂದನ್ನು ಇಟ್ಟುಕೊಂಡು, ಅಧಿಕಾರಿಗಳು ಕೂಡಿ ಯೋಜನೆ ರಚಿಸುವುದು. ಕೊನೆಗೆ ಬಯಲಿನ ಪರೀಕ್ಷೆ: ಎರಡೂ ದೇಶಗಳ ಸೈನಿಕರು ಒಂದೇ ತಂಡವಾಗಿ ಆ ಯೋಜನೆಯನ್ನು ನಡೆಸಿ ತೋರಿಸುವುದು. ಈ ಮೂರನೆಯ ಹಂತದಲ್ಲಿ ತಪ್ಪುಗಳು ಹೊರಬೀಳುತ್ತವೆ. ಹೊರಬೀಳಲೆಂದೇ ಅದನ್ನು ನಡೆಸುವುದು.

ಸ್ವತಂತ್ರ ಭಾರತಕ್ಕೆ ಇದು ಹೊಸದಲ್ಲ. 1950ರ ದಶಕದಲ್ಲಿ ಸಿಂಹಳದ ತಿರುಕೋಣಮಲೆಯ ಸಮುದ್ರದಲ್ಲಿ ಕಾಮನ್‌ವೆಲ್ತ್ ದೇಶಗಳ ನೌಕಾಪಡೆಗಳು ಕೂಡಿ ಅಭ್ಯಾಸ ಮಾಡುತ್ತಿದ್ದವು. ಅಲ್ಲಿ ಭಾರತದ ಹಡಗುಗಳೊಡನೆ ಪಾಕಿಸ್ತಾನದ ಹಡಗುಗಳೂ ಇರುತ್ತಿದ್ದವು. ಚೀನಾದೊಡನೆ ಯುದ್ಧವಾದ ಮರುವರ್ಷ, 1963ರ ನವೆಂಬರಿನಲ್ಲಿ, ‘ಶಿಕ್ಷಾ’ ಎಂಬ ಹೆಸರಿನಲ್ಲಿ ಅಮೆರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳ ವಿಮಾನಗಳು ಭಾರತದ ವಾಯುಪಡೆಯೊಡನೆ ಅಭ್ಯಾಸ ನಡೆಸಿದವು. 1992ರಲ್ಲಿ ಅಮೆರಿಕದೊಡನೆ ‘ಮಲಬಾರ್’ ನೌಕಾಭ್ಯಾಸ ಮೊದಲಾಯಿತು. 1998ರ ಅಣುಪರೀಕ್ಷೆಗಳ ತರುವಾಯ ನಿಂತು, 2002ರಲ್ಲಿ ಮತ್ತೆ ನಡೆಯಿತು. 2015ರಲ್ಲಿ ಜಪಾನ್ ಅದರ ಕಾಯಂ ಸದಸ್ಯವಾಯಿತು. 2020ರಲ್ಲಿ ಆಸ್ಟ್ರೇಲಿಯಾ ಬಂದು ಸೇರಿತು. ಇವರಲ್ಲಿ ಯಾರೊಡನೆಯೂ ಭಾರತಕ್ಕೆ, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ಯುದ್ಧಕ್ಕೆ ಇಳಿಯಬೇಕೆಂಬ ಕರಾರು ಇಲ್ಲ. ಕರಾರಿಲ್ಲದ ಮೈತ್ರಿಯಲ್ಲಿ ಅಭ್ಯಾಸವೇ ಮಾತಿನ ರೂಪ ತಾಳುತ್ತದೆ.

ಈಗ ಬೆಳಗಾವಿಗೆ ಬರೋಣ. 1768ರಲ್ಲಿ ಮುಂಬಯಿಯ ಸಿಪಾಯಿಗಳ ಪಲ್ಟಣವಾಗಿ ಆರಂಭವಾದ ಮರಾಠಾ ಲಘು ಪದಾತಿದಳದ ಕೇಂದ್ರ 1922ರಿಂದ ಆ ಊರಿನಲ್ಲಿದೆ. ಮುಂಬಯಿಯ ದಂಡಿನ ಚರಿತ್ರೆ ಕನ್ನಡದ ನೆಲದಲ್ಲಿ ಬೇರೂರಿದ್ದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವಿಲ್ಲ. ಹೊರದೇಶದ ಸೈನಿಕರೊಡನೆ ಅಭ್ಯಾಸ ಮಾಡಲು ಅನುಕೂಲವಾದ ಶಿಬಿರವೂ ಅಲ್ಲಿದೆ.

2008ರ ಡಿಸೆಂಬರಿನಲ್ಲಿ ಅಲ್ಲಿಗೆ ಬಂದವರು ಚೀನಾದ ಸೈನಿಕರು. ‘ಕೈಯೊಡನೆ ಕೈ’ ಎಂಬರ್ಥದ ಹೆಸರಿನ ಈ ಅಭ್ಯಾಸ ಹಿಂದಿನ ವರ್ಷ ಚೀನಾದ ಕುನ್ಮಿಂಗಿನಲ್ಲಿ ಆರಂಭವಾಗಿತ್ತು. ವಿಷಯ: ಭಯೋತ್ಪಾದಕರನ್ನು ಎದುರಿಸುವುದು. ಮುಂಬಯಿಯ ಮೇಲೆ ನವೆಂಬರ್ 26ರ ದಾಳಿ ನಡೆದು ಇನ್ನೂ ಎರಡು ವಾರಗಳೂ ಕಳೆದಿರಲಿಲ್ಲ. ಛತ್ರಪತಿ ಶಿವಾಜಿ ನಿಲ್ದಾಣದಿಂದ ಠಾಕುರ್ಲಿ, ಕಲ್ಯಾಣಗಳಿಗೆ ನಿತ್ಯ ಮರಳುವ ನಮ್ಮವರಿಗೆ ಆ ವಿಷಯ ಕೇವಲ ಪಾಠವಾಗಿರಲಿಲ್ಲ. ತರುವಾಯ ಈ ಅಭ್ಯಾಸ ಕೆಲವು ವರ್ಷ ನಿಂತು 2013ರಲ್ಲಿ ಮತ್ತೆ ಆರಂಭವಾಯಿತು. 2014ರಲ್ಲಿಯೂ 2016ರಲ್ಲಿಯೂ ಪುಣೆಯ ಔಂಧಿನಲ್ಲಿ, 2019ರ ಡಿಸೆಂಬರಿನಲ್ಲಿ ಮೇಘಾಲಯದ ಉಮ್ರೋಯಿಯಲ್ಲಿ ನಡೆಯಿತು. ದೋಕ್ಲಾಮಿನ ಬಿಕ್ಕಟ್ಟು ಬಂದ 2017ರಲ್ಲಿ ನಡೆಯಲಿಲ್ಲ. 2020ರ ಜೂನ್ 15ರಂದು ಗಲ್ವಾನ್ ಕಣಿವೆಯಲ್ಲಿ ಭಾರತದ 20 ಯೋಧರು ಹತರಾದರು. ಉಮ್ರೋಯಿಯಲ್ಲಿ ಕೈ ಕುಲುಕಿ ಆಗ ಏಳು ತಿಂಗಳೂ ತುಂಬಿರಲಿಲ್ಲ.

ಅದೇ ಬೆಳಗಾವಿಗೆ 2022ರ ಫೆಬ್ರವರಿ 27ರಿಂದ ಮಾರ್ಚ್ 10ರವರೆಗೆ ಜಪಾನಿನ 30ನೆಯ ಪದಾತಿ ದಳದವರು ಬಂದು, ಮರಾಠಾ ಲಘು ಪದಾತಿಯ 15ನೆಯ ಪಲ್ಟಣದೊಡನೆ ‘ಧರ್ಮ ಗಾರ್ಡಿಯನ್’ ಅಭ್ಯಾಸ ನಡೆಸಿದರು. ಇದರ ಹಿಂದಿನ ವರ್ಷ ಭಾರತ ಮತ್ತು ಜಪಾನ್‌ಗಳ ನಡುವೆ, ಒಬ್ಬರ ಸೇನೆಗೆ ಇನ್ನೊಬ್ಬರು ಆಹಾರ, ಇಂಧನ, ಸಾಗಣೆಗಳನ್ನು ಒದಗಿಸುವ ಒಪ್ಪಂದ ಜಾರಿಗೆ ಬಂದಿತ್ತು. ಮಾಲ್ದೀವಿನ ಸೈನಿಕರೂ ಬೆಳಗಾವಿಗೆ ಪರಿಚಿತರೇ. ಅವರ ಭಾಷೆಯಲ್ಲಿ ಸ್ನೇಹಿತರೆಂಬ ಅರ್ಥವುಳ್ಳ ‘ಏಕುವೇರಿನ್’ ಅಭ್ಯಾಸ 2009ರಲ್ಲಿ ಅಲ್ಲಿಯೇ ಆರಂಭವಾಯಿತು, 2017ರ ಡಿಸೆಂಬರಿನಲ್ಲಿ ಪುನಃ ಅಲ್ಲಿ ನಡೆಯಿತು. ಮಾಲ್ದೀವಿನ ಹೊಸ ಸರಕಾರದ ಬೇಡಿಕೆಯಂತೆ 2024ರ ಮೇ ತಿಂಗಳೊಳಗೆ ಭಾರತವು ಅಲ್ಲಿದ್ದ ತನ್ನ ಸೈನಿಕರನ್ನು ಹಿಂದಕ್ಕೆ ಕರೆಸಿಕೊಂಡಿತು. ಆದರೂ 2025ರ ಫೆಬ್ರವರಿಯಲ್ಲಿ ಆ ದ್ವೀಪಗಳಲ್ಲಿಯೇ ಏಕುವೇರಿನ್ ಜರುಗಿತು.

ಈ ಮೂರು ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ನಿರ್ಣಯಕ್ಕೆ ಬರಬಹುದು. ಸಂಯುಕ್ತ ಅಭ್ಯಾಸ ಮೈತ್ರಿಯನ್ನು ಹುಟ್ಟಿಸುವುದಿಲ್ಲ. ಇರುವ ಮೈತ್ರಿಯನ್ನು ಕಾರ್ಯಕ್ಕೆ ಯೋಗ್ಯವಾಗಿಸುತ್ತದೆ. ಗಡಿಯ ವಿವಾದ ಬಗೆಹರಿಯದೆ ಉಳಿದಲ್ಲಿ ಕೈಕುಲುಕುವಿಕೆ ಅದನ್ನು ಮರೆಸಲಿಲ್ಲ. ಸರಕಾರಗಳ ನಡುವೆ ಮುನಿಸು ಬಂದಾಗ, ಸೈನಿಕರ ಪರಿಚಯವು ಮಾತಿನ ಬಾಗಿಲನ್ನು ಪೂರ್ತಿ ಮುಚ್ಚದಂತೆ ನೋಡಿಕೊಂಡೀತು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು. ಹಾಗಾದರೆ ಚೀನಾದೊಡನೆ ನಡೆದ ಅಭ್ಯಾಸ ವ್ಯರ್ಥವಾಯಿತೆ? ಹಾಗೆನ್ನುವುದೂ ಅವಸರದ ಮಾತಾದೀತು. ಎದುರಿಗಿರುವವನ ಶಿಸ್ತನ್ನೂ ರೀತಿಯನ್ನೂ ಹತ್ತಿರದಿಂದ ನೋಡಿದ್ದು ಒಂದು ಲಾಭವೇ. ಆದರೆ ಆ ಲಾಭ ಎರಡು ಕಡೆಗೂ ಸಲ್ಲುತ್ತದೆ. ನಾವು ನೋಡಿದಷ್ಟನ್ನೇ ಅವರೂ ನೋಡಿದ್ದಾರೆ. ಆದ್ದರಿಂದ ಏನನ್ನು ತೋರಿಸಬೇಕು, ಏನನ್ನು ಮರೆಯಲ್ಲಿಡಬೇಕು ಎಂಬ ವಿವೇಕ ಅಭ್ಯಾಸದ ಮೊದಲ ಪಾಠ.

ಕಾರವಾರದಲ್ಲಿ ಇದರ ಇನ್ನೊಂದು ಮಾದರಿ ಕಾಣಿಸಿತು. ಕನ್ನಡದ ಮೊದಲ ರಾಜವಂಶದ ಹೆಸರನ್ನು ಹೊತ್ತ ‘ಕದಂಬ’ ನೌಕಾನೆಲೆ 2005ರಲ್ಲಿ ಅಲ್ಲಿ ಕಾರ್ಯಾರಂಭ ಮಾಡಿತು. 2025ರ ಏಪ್ರಿಲ್ 5ರಂದು ಅಲ್ಲಿಂದ ‘ಸುನಯನಾ’ ಎಂಬ ಹಡಗು ಹೊರಟಾಗ, ಭಾರತೀಯ ನಾವಿಕರೊಡನೆ ಒಂಬತ್ತು ದೇಶಗಳ 44 ಮಂದಿ ಅದೇ ಹಡಗಿನ ಸಿಬ್ಬಂದಿಯಾಗಿದ್ದರು: ಕೊಮೊರೋಸ್, ಕೆನ್ಯಾ, ಮಡಗಾಸ್ಕರ್, ಮಾಲ್ದೀವು, ಮಾರಿಷಸ್, ಮೊಜಾಂಬಿಕ್, ಸೆಶೆಲ್ಸ್, ಶ್ರೀಲಂಕಾ ಮತ್ತು ಟಾಂಜಾನಿಯಾದವರು. ಎರಡು ಹಡಗುಗಳು ಪಕ್ಕಪಕ್ಕದಲ್ಲಿ ಸಾಗುವುದು ಬೇರೆ, ಒಂದೇ ಹಡಗಿನ ಕಾವಲನ್ನು ಸರದಿಯಂತೆ ಹಂಚಿಕೊಳ್ಳುವುದು ಬೇರೆ. ಇಲ್ಲಿ ಕಲಿಕೆಯ ವಿಷಯ ಕಡಲುಗಳ್ಳತನ, ಅಕ್ರಮ ಮೀನುಗಾರಿಕೆ, ಕಳ್ಳಸಾಗಣೆಗಳ ತಡೆ. ಯಾರ ಗಡಿಯೂ ವಿವಾದದಲ್ಲಿಲ್ಲದ, ಎಲ್ಲರ ಸಂಕಟವೂ ಒಂದೇ ಆದ ಕಾರ್ಯ ಇದು. ಮಿತ್ರಬಲದ ಸಾಫಲ್ಯ ಇಂಥ ಸಮಾನ ಕಾರ್ಯದಲ್ಲಿ ಅಧಿಕ.

ನಮ್ಮ ಕಲ್ಯಾಣದ ಪಕ್ಕದ ಉಲ್ಹಾಸನಗರವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ತಂಗುಶಿಬಿರವಾಗಿತ್ತೆಂಬುದನ್ನು ವಾಚಕರು ಬಲ್ಲರು. ಅಂದಿನ ಭಾರತೀಯ ಸೈನಿಕನು ಯಾರ ಜೊತೆ, ಯಾರ ವಿರುದ್ಧ ಕಾದಬೇಕೆಂಬುದನ್ನು ಲಂಡನ್ನಿನಲ್ಲಿ ನಿರ್ಧರಿಸುತ್ತಿದ್ದರು. ಯುದ್ಧ ಮುಗಿದು, ದೇಶ ವಿಭಜನೆಯಾಗಿ, ಅದೇ ಬ್ಯಾರಕ್‌ಗಳಲ್ಲಿ ಸಿಂಧಿ ನಿರಾಶ್ರಿತರು ಸಂಸಾರ ಹೂಡಿದರು. 1949ರಲ್ಲಿ ಊರಿಗೆ ಹೊಸ ಹೆಸರು ಬಂದಿತು. ಇಂದು ಆ ಆಯ್ಕೆ ನಮ್ಮದೇ ಸರಕಾರದ್ದು, ಎಂದರೆ ಕೊನೆಗೆ ಪ್ರಜೆಗಳದು. ಆದಕಾರಣ ವಿದೇಶದ ತುಕಡಿಯೊಂದು ಬೆಳಗಾವಿಗೆ ಬಂದಿತೆಂಬ ಸುದ್ದಿಯನ್ನು ಓದುವಾಗ ನಾವು ಕೇಳಬೇಕಾದ ಪ್ರಶ್ನೆಗಳು ಇವು: ಅವರಿಗೂ ನಮಗೂ ಸಮಾನವಾದ ಕಾರ್ಯ ಯಾವುದು? ಆ ಕಾರ್ಯದಲ್ಲಿ ಕೊನೆಯ ಮಾತು ಯಾರದು? ಅವರು ನಮ್ಮಿಂದ ಕಲಿತದ್ದೇನು, ನಾವು ಅವರಿಂದ ಕಲಿತದ್ದೇನು? ಇವಕ್ಕೆ ಸ್ಪಷ್ಟವಾದ ಉತ್ತರವಿದ್ದಲ್ಲಿ ಹದಿನಾಲ್ಕು ದಿನಗಳ ಅಭ್ಯಾಸ ಸಾರ್ಥಕ. ಇಲ್ಲದಿದ್ದಲ್ಲಿ ಅದು ಧ್ವಜಗಳ ಮೆರವಣಿಗೆಯಷ್ಟೇ. ಮೇಲುಕೋಟೆಯ ದಾರಿಯಲ್ಲಿ ಮಿತ್ರರು ಒಬ್ಬರನ್ನೊಬ್ಬರು ತಡವಾಗಿ ಕಂಡಂತೆ, ಅಗತ್ಯದ ದಿನ ನಾವೂ ತಡವಾಗಿಯೇ ಕಾಣುವೆವು.