ಮೇಲಕ್ಕೇಳುವ ಬಾಗಿಲು

ಈ ಕಾರು ಹತ್ತುವುದಕ್ಕೂ ಒಂದು ವರಸೆ ಇದೆ. ಬಾಗಿಲಿಗೆ ಅಂಟಿಕೊಂಡ ಕಡ್ಡಿಯಂಥ ಹಿಡಿಯ ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಹೊರಗೆ ಬರುತ್ತದೆ. ಅದನ್ನು ಹಿಡಿದೆತ್ತಿದರೆ ಬಾಗಿಲು ಪಕ್ಕಕ್ಕಲ್ಲ, ಆಕಾಶದ ಕಡೆಗೆ ಏಳುತ್ತದೆ. ಒಳಗೆ ಹೋಗಲು ಮೊಣಕಾಲೆತ್ತರದ ಅಗಲ ಹೊಸ್ತಿಲು ಅಡ್ಡ. ಮೊದಲು ಅದರ ಮೇಲೆ ಕೂರಬೇಕು, ಸ್ಟೇರಿಂಗ್ ಚಕ್ರವನ್ನು ಕೆಳಕ್ಕೆ ಮಡಚಬೇಕು, ಕಾಲುಗಳನ್ನು ಒಂದೊಂದಾಗಿ ಒಳಗೆ ತೂರಿಸಿ ಸೀಟಿಗೆ ಜಾರಬೇಕು. ಪಂಚೆ ಉಟ್ಟವರಿಗೆ ಹೇಳಿದ ಗಾಡಿಯಲ್ಲ! ಎರಡೂ ಬಾಗಿಲು ತೆರೆದು ನಿಂತರೆ ಕಡಲಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ. ಅದಕ್ಕೇ ಮರ್ಸಿಡಿಸ್ ಬೆಂಜ್ 300 ಎಸ್‌ಎಲ್‌ಗೆ 'ಗಲ್‌ವಿಂಗ್' ಎಂಬ ಅಡ್ಡಹೆಸರು.

ಈ ಬಾಗಿಲನ್ನು ಶೋಕಿ ಎಂದುಕೊಂಡವರೇ ಹೆಚ್ಚು. ಅಸಲಿಗೆ ಇದು ಕೈಬಿಗಿಯ ದಿನಗಳ ಕೂಸು. ಎರಡನೇ ಮಹಾಯುದ್ಧ ಮುಗಿದು ಕೆಲವೇ ವರ್ಷ; ಮರ್ಸಿಡಿಸ್‌ಗೆ ಮತ್ತೆ ರೇಸಿಗಿಳಿಯುವ ಆಸೆಯಿದ್ದರೂ ಹೊಸ ಎಂಜಿನ್ ಕಟ್ಟುವಷ್ಟು ಅನುಕೂಲವಿರಲಿಲ್ಲ. ಇದ್ದದ್ದು ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಓಡಾಡುತ್ತಿದ್ದ ದೊಡ್ಡ ಸೆಡಾನಿನ ಮೂರು ಲೀಟರ್, ಆರು ಸಿಲಿಂಡರ್ ಎಂಜಿನ್. ಎತ್ತರದ್ದು, ಭಾರದ್ದು. ಎಂಜಿನಿಯರ್ ರುಡಾಲ್ಫ್ ಉಲೆನ್‌ಹೌಟ್ ಅದನ್ನು ಪಕ್ಕಕ್ಕೆ ವಾಲಿಸಿ ಕೂರಿಸಿದರು, ಬಾನೆಟ್ ತಗ್ಗಿತು. ತೂಕ ಉಳಿಸಲು ತೆಳು ಉಕ್ಕಿನ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದು ಪಂಜರ ಹೆಣೆದರು. ರೇಸ್ ಕಾರಿನ ಪಂಜರ ತೂಗಿದ್ದು ಸುಮಾರು 50 ಕಿಲೋ. ಅದು ಗಟ್ಟಿಯಾಗಿ ನಿಲ್ಲಬೇಕಾದರೆ ಪಕ್ಕೆಗಳು ಎತ್ತರವಿರಲೇಬೇಕು. ಹಾಗಾದರೆ ಬಾಗಿಲಿಡುವುದೆಲ್ಲಿ? ಚಾವಣಿಯಲ್ಲಿ!

ಆ ಕಾರು 1952ರಲ್ಲಿ ಫ್ರಾನ್ಸಿನ ಲ ಮಾನ್ಸ್ ರೇಸ್ ಗೆದ್ದಿತು. ನವೆಂಬರಿನಲ್ಲಿ ಮೆಕ್ಸಿಕೋದ ಉದ್ದಾನುದ್ದ ರಸ್ತೆಗಳ ಕರೇರಾ ಪನಾಮೆರಿಕಾನಾ ರೇಸ್. ಚಾಲಕ ಕಾರ್ಲ್ ಕ್ಲಿಂಗ್ ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿದ್ದಾಗ ರಣಹದ್ದೊಂದು ಮುಂಗಾಜು ಒಡೆದು ಒಳಕ್ಕೇ ನುಗ್ಗಿತು. ಪಕ್ಕದಲ್ಲಿದ್ದ ಜೊತೆಗಾರ ಹಾನ್ಸ್ ಕ್ಲೆಂಕ್ ಮುಖವೆಲ್ಲ ರಕ್ತ. ಆದರೂ ಕಾರು ನಿಲ್ಲಲಿಲ್ಲ. ಗಾಯ ನೋಡಿಕೊಂಡದ್ದು ಟಯರ್ ಬದಲಿಸುವ ತಾಣ ಬಂದ ಮೇಲೇ. ಆಮೇಲೆ ಗಾಜಿನ ಮುಂದೆ ಕಿಟಕಿಗೆ ಹಾಕುವಂತೆ ಉಕ್ಕಿನ ಸರಳು ಹಾಕಿ ಓಡಿಸಿದರು. ಗೆದ್ದರು ಕೂಡ.

ಈ ರೇಸ್ ಕಾರನ್ನು ರಸ್ತೆಗೂ ತನ್ನಿ ಎಂದು ಬೆನ್ನುಹತ್ತಿದವರು ನ್ಯೂಯಾರ್ಕಿನ ಆಮದುದಾರ ಮ್ಯಾಕ್ಸ್ ಹಾಫ್‌ಮನ್. 1954ರ ಫೆಬ್ರುವರಿಯಲ್ಲಿ ಕಾರು ಅನಾವರಣಗೊಂಡದ್ದೂ ಅದೇ ಊರಿನಲ್ಲಿ. ಕಾರ್ಬ್ಯುರೇಟರ್ ಹೋಗಿ, ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಬಾಷ್ ಪಂಪು ಬಂದಿತ್ತು. ಶಕ್ತಿ 215 ಎಚ್‌ಪಿಗೆ ಏರಿತ್ತು. ಕೀ ತಿರುಗಿಸಿ ಆರಿಸಿದರೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಆ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಉರಿಯದೆ ಉಳಿದದ್ದು ಆಯಿಲಿಗಿಳಿದು ಅದನ್ನು ತೆಳುವಾಗಿಸುತ್ತದೆ. ಹಾಗಾಗಿ ಆಯಿಲ್ ಬದಲಿಸುವುದೇ ಮಾಲೀಕರಿಗೆ ಒಂದು ಕಸುಬು. ಕಿಟಕಿ ಗಾಜೂ ಕೆಳಗಿಳಿಯುವುದಿಲ್ಲ, ಕಳಚಿ ಹಿಂದೆ ಇಡಬೇಕು. ಬೇಸಗೆಯಲ್ಲಿ ಒಳಗೆ ಕೂತವರು ಬೇಯುತ್ತಾರೆ.

ಅಂಥ 1,400 ಕಾರು ತಯಾರಾದವು. 1957ರಲ್ಲಿ ಪಂಜರದ ಪಕ್ಕೆ ತಗ್ಗಿಸಿ, ಎಲ್ಲ ಕಾರಿಗಿರುವಂಥ ಬಾಗಿಲಿಟ್ಟು ತೆರೆದ ರೋಡ್‌ಸ್ಟರ್ ಮಾಡಿದರು. ಅವು 1,858.